ಏಳು ಗೋಲಿನ ನಗು

ನಮ್ಮ ಮನೆಯ ಸ್ಟೀಲ್ ಚೊಂಬಿನೊಳಗೆ ಬಾಯಿಟ್ಟು ಮಾತಾಡಿದರೆ ಒಳಗಿನಿಂದ ಒಂದು ಕ್ರೀಡಾಂಗಣವೇ ಎದ್ದು ಬರುತ್ತದೆ. ದನಿಗೆ ಗುಡುಗಿನ ಅಂಚು, ಮಾತಿಗೆ ಸಾವಿರ ಜನರ ಹಿಮ್ಮೇಳ, ಮಧುಗಿರಿಯ ಒಂದು ಪುಟ್ಟ ನಡುಮನೆಗೆ ಅಂತರರಾಷ್ಟ್ರೀಯ ಗಾಂಭೀರ್ಯ. ಈ ಸಂಶೋಧನೆ ನನ್ನದೇ. ಇದಕ್ಕೆ ಪ್ರಶಸ್ತಿ ಬಂದಿಲ್ಲ, ಬೈಗುಳ ಬಂದಿದೆ. "ನೀರ್ ಕುಡಿಯೋ ಚೊಂಬ್ಗೆ ಎಂಜ್ಲು ಹಾರುಸ್ಬ್ಯಾಡ ಕಣ್ಲಾ, ನಿನ್ ಕಾಮೆಂಟ್ರಿ ಮನೆ ಹಾಳಾಗ!" ಎಂದು ಅಮ್ಮ ಗದರುತ್ತಾಳೆ. ನಾನು ಅದನ್ನೇ ಅವಳ ದನಿಯಲ್ಲಿ ಚೊಂಬಿನೊಳಕ್ಕೆ ಹೇಳುತ್ತೇನೆ. ನಗು ತಡೆಯಲಾರದೆ ಅವಳು ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋಗುತ್ತಾಳೆ.

ಅಣಕಿಸುವುದು ನನಗೆ ಕೆಮ್ಮಿನ ಹಾಗೆ, ತಡೆದಷ್ಟೂ ಜೋರು. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ತೆಲುಗಿನಲ್ಲಿ ಇಳಿಸುವ ಪಾವಗಡದ ಹಿರಿಯರು, ಕಡಲೆಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಗುಣ ಹೇಳುವ ಶಿರಾದ ವ್ಯಾಪಾರಿಗಳು, ಬಾಗಿಲಿಗೆ ನೇತುಬಿದ್ದು ಊರನ್ನೇ ಬಸ್ಸಿಗೆ ತುಂಬುವ ಕೊರಟಗೆರೆಯ ಕ್ಲೀನರುಗಳು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ನನ್ನನ್ನೂ ಬಿಟ್ಟಿಲ್ಲ. ತುಮಕೂರಿನ ಕಾಲೇಜಿಗೆ ಸೇರಿದ ಮೊದಲ ದಿನ ನಾನು "ಬಂದ್ಬುಟ್ಟೆ ಸಾರ್" ಎಂದಾಗ ಇಡೀ ತರಗತಿ ನಕ್ಕಿತ್ತು. ಮರುದಿನ ಅವರು ಅಣಕಿಸುವ ಮೊದಲೇ ನಾನೇ ನನ್ನನ್ನು ಅಣಕಿಸಿದೆ. ನಗುವವರ ಸಾಲಿನಲ್ಲಿ ಮೊದಲಿಗನಾಗಿ ನಿಂತರೆ ನಗೆಪಾಟಲಾಗುವುದು ತಪ್ಪುತ್ತದೆಂಬ ಈ ಜಾಣತನವನ್ನು ನಾನು ಬಹಳ ದಿನ ಹಾಸ್ಯಪ್ರಜ್ಞೆ ಎಂದೇ ಕರೆದುಕೊಂಡಿದ್ದೆ.

ಏಷ್ಯಾ ಖಂಡದ ಫುಟ್‌ಬಾಲ್ ಕ್ಲಬ್ಬುಗಳಲ್ಲೂ ಅಂತಸ್ತುಗಳಿವೆ ಎಂಬುದು ನಿಮಗೆ ಗೊತ್ತಿರಬಹುದು. ಮೇಲ್ಮಹಡಿಯಲ್ಲಿ ತೈಲದ ದೊರೆಗಳು, ನಡುಮಹಡಿಯಲ್ಲಿ ಅನುಕೂಲಸ್ಥರು, ತೀರ ಕೆಳಗೆ 'ಉದಯೋನ್ಮುಖ' ದೇಶಗಳ ಕ್ಲಬ್ಬುಗಳಿಗೆಂದೇ ಬೇರೊಂದು ಪಂದ್ಯಾವಳಿ. ಉದಯೋನ್ಮುಖ! ಎಷ್ಟು ಸೌಮ್ಯವಾದ ಪದ. ಸೂರ್ಯ ಇನ್ನೇನು ಬಂದೇಬಿಟ್ಟ ಅನ್ನಿಸುತ್ತದೆ, ಆದರೆ ಎಷ್ಟು ವರ್ಷ ಕಾದರೂ ಮೂಡಣದಲ್ಲಿ ಬರೀ ಕೆಂಪು. ನಮ್ಮ ತಾಲ್ಲೂಕುಗಳನ್ನೂ ಹಿಂದೆ 'ಹಿಂದುಳಿದವು' ಎನ್ನುತ್ತಿದ್ದರು, ಈಗ 'ಅಭಿವೃದ್ಧಿಯ ಹಾದಿಯಲ್ಲಿರುವವು' ಎನ್ನುತ್ತಾರೆ. ಹಾದಿ ಉದ್ದವಾಗಿದೆ, ಅಷ್ಟೆ. ಹಾಗಾಗಿ ಆ ಕೆಳಮನೆಯ ಪಂದ್ಯಾವಳಿಯನ್ನು ಕಂಡಾಗ ನನಗೆ ನೆಂಟಸ್ತಿಕೆ ಹುಟ್ಟಬೇಕಿತ್ತು. ಹುಟ್ಟಿದ್ದು ಬೇರೆ.

ನನ್ನ ಗೆಳೆಯ ರುದ್ರೇಶನದು ಮಧುಗಿರಿಯಲ್ಲಿ ಮೊಬೈಲ್ ಅಂಗಡಿ. ಅದರ ಗೋಡೆಗೆ ಬಿಳಿ ಪಂಚೆ ಕಟ್ಟಿ, ಸಂಜೆ ಹೊತ್ತು ಪಂದ್ಯ ಹಾಕುತ್ತಾನೆ. ಶಿರಾದ ಕಡಲೆಕಾಯಿ ಮಂಡಿಯ ಸಾದಿಕ್ ಬೇಯಿಸಿದ ಕಾಯಿಯ ಚೀಲದೊಂದಿಗೆ ಬರುತ್ತಾನೆ. ನಾನು ಚೊಂಬಿನೊಂದಿಗೆ ಹೋಗುತ್ತೇನೆ. ಈ ಸಲ ಪಂದ್ಯಾವಳಿಯ ಒಂದು ಗುಂಪಿನಲ್ಲಿ ಮಧ್ಯ ಏಷ್ಯಾದ ಬೆಟ್ಟಗಳ ನಡುವಿನ ಒಂದು ಪುಟ್ಟ ಕ್ಲಬ್ಬಿತ್ತು. ಅದರ ಗೋಲ್‌ಕೀಪರ್ ಹೆಸರು ತೆಮಿರ್. ಮೊದಲ ಪಂದ್ಯದಲ್ಲಿ ಅವನು ಏಳು ಗೋಲು ಬಿಟ್ಟ.

ಮೂರನೆಯ ಗೋಲಿನ ಹೊತ್ತಿಗೆ ನನ್ನ ಗಂಟಲಿನ ಕೊರಟಗೆರೆ ಕ್ಲೀನರ್ ಎದ್ದು ನಿಂತಿದ್ದ. ಗೋಲ್‌ಪೋಸ್ಟೇ ಬಸ್ಸಿನ ಬಾಗಿಲು, ಬರುವ ಚೆಂಡುಗಳೆಲ್ಲ ಪ್ರಯಾಣಿಕರು. "ತೆಮಿರಣ್ಣಾ... ಸೀಟೈತೆ ಬನ್ನಿ, ಸೀಟೈತೆ ಬನ್ನಿ! ಹಿಂದ್ಗಡೆ ಖಾಲಿ ಐತೆ, ಒಳೀಕ್ ಬನ್ನಿ!" ಎಂದು ರಾಗವಾಗಿ ಕೂಗಿದೆ. ಅಂಗಡಿ ಬಿದ್ದು ಬಿದ್ದು ನಕ್ಕಿತು. ಹಿಂದಿನೆರಡು ಗೋಲುಗಳಿಗೂ ಬಾಕಿ ಇಡದೆ, ಮುಂದಿನವಕ್ಕೂ ಬಿಡದೆ ಕೂಗಿ ಲೆಕ್ಕ ಸರಿಮಾಡಿದೆ. ರುದ್ರೇಶ ಅದನ್ನು ತುಂಡು ಮಾಡಿ ಜಾಲತಾಣಕ್ಕೆ ಹಾಕಿದ. ಬೆಳಗಾಗುವುದರಲ್ಲಿ ನಮ್ಮ ನಾಲ್ಕೂ ತಾಲ್ಲೂಕಿನ ಫೋನುಗಳಲ್ಲಿ ತೆಮಿರ್ ಬಸ್ಸು ತುಂಬುತ್ತಿದ್ದ.

ಎರಡನೆಯ ಪಂದ್ಯದಲ್ಲಿ ಅವರು ಒಂದೇ ಗೋಲಿನಿಂದ ಸೋತರು. ಅದರ ಮರುದಿನ ಮಧ್ಯಾಹ್ನ ನನಗೊಂದು ಸಂದೇಶ ಬಂತು. ಕಳಿಸಿದವಳು ತೆಮಿರನ ತಂಗಿ. ತನ್ನ ಭಾಷೆಯಲ್ಲಿ ಬರೆದದ್ದನ್ನು ಯಂತ್ರದಿಂದ ಕನ್ನಡ ಮಾಡಿಸಿದ್ದಳು. ಯಂತ್ರದ ಕನ್ನಡವೋ, ಮಠದ ಆಹ್ವಾನ ಪತ್ರಿಕೆಯ ಹಾಗಿತ್ತು. "ಗೌರವಾನ್ವಿತ ಗಾಯಕರೇ, ತಮ್ಮ ಸ್ತೋತ್ರವು ನಮ್ಮ ಕುಟುಂಬಕ್ಕೆ ತಲುಪಿದೆ. ನಮ್ಮ ದೇಶದಲ್ಲಿ ಈ ಪಂದ್ಯವನ್ನು ಯಾರೂ ತೋರಿಸಲಿಲ್ಲ. ದೂರದ ತಾವು ನನ್ನ ಸಹೋದರನ ನಾಮವನ್ನು ಏಳು ಬಾರಿ ಹಾಡಿದ್ದೀರಿ. ತಾಯಿ ಎಣಿಸಿದರು." ಕೆಳಗೊಂದು ವಿಡಿಯೋ. ಎರಡನೆಯ ಪಂದ್ಯಕ್ಕೆ ಮುಂಚೆ ಉಡುಪಿನ ಕೋಣೆಯಲ್ಲಿ ಆಟಗಾರರೆಲ್ಲ ಹೆಗಲಿಗೆ ಹೆಗಲು ಕೊಟ್ಟು ದುಂಡಗೆ ನಿಂತು, ರಣಘೋಷದಂತೆ, ತೊದಲು ಕನ್ನಡದಲ್ಲಿ ಕೂಗುತ್ತಿದ್ದಾರೆ: ಸೀಟೈತೆ ಬನ್ನಿ! ನಡುವೆ ತೆಮಿರ್, ಕಣ್ಣು ಮುಚ್ಚಿಕೊಂಡು, ಎಲ್ಲರಿಗಿಂತ ಜೋರಾಗಿ. ಕಡೆಯ ಸಾಲು: "ಇದರ ಅರ್ಥವೇನೆಂದು ಅಣ್ಣ ಕೇಳುತ್ತಿದ್ದಾನೆ. ಕೊನೆಯ ಪಂದ್ಯಕ್ಕೆ ಮುನ್ನ ತಿಳಿದರೆ ಅವನಿಗೆ ಬಲ."

ಮಿತ್ರರೇ, ನಾಚಿಕೆ ಮುಖಕ್ಕೆ ಬರುತ್ತದೆ ಎನ್ನುತ್ತಾರೆ. ನನಗೆ ಅದು ಗಂಟಲಿಗೆ ಬಂತು.

ರುದ್ರೇಶನಿಗೆ ತೋರಿಸಿದೆ. ಮೊದಲು ನಕ್ಕ, ವಿಡಿಯೋ ಮುಗಿಯುವ ಹೊತ್ತಿಗೆ ನಗುವೂ ಮುಗಿದಿತ್ತು. "ಎಲ್ರಿಗೂ ಜಾಗ ಐತೆ, ಬನ್ನಿ ಅಂತ ಅರ್ಥ ಅಂತ ಯೋಳ್ಬುಡು. ಸುಳ್ಳೇನಲ್ವಲ್ಲ!"

"ತೋಬಾ! ನಾಚ್ಕೆ ಶರಮ್ ಐತೇನೋ ನಿಂಗೆ?" ಎಂದು ಸಾದಿಕ್ ಅವನ ಮೇಲೆ ರೇಗಿ, ಕಡಲೆಕಾಯಿ ಕೆಳಗಿಟ್ಟು ನನ್ನ ಕಡೆ ತಿರುಗಿದ. "ನಿಜ ಹೇಳ್ಬುಡು ಭಾಯ್. ನೀನ್ ಹೇಳ್ದಿದ್ರೆ ನಮ್ಮೋರೇ ಯಾರೋ ಒಬ್ಬ ನಗ್ತಾ ನಗ್ತಾ ಹೇಳ್ತಾನೆ."

"ನಾಡಿದ್ದು ಮ್ಯಾಚೈತೆ ಕಣ್ಲಾ!" ರುದ್ರೇಶ ಅವನ ಮೇಲೆ ತಿರುಗಿಬಿದ್ದ. "ಈಗ ಯೋಳಿದ್ರೆ ಆಯಪ್ಪನ ಕೈ ನಡುಗ್ತವೆ. ಇವ್ನು ಹಗುರಾಗಕ್ಕೆ ಆಯಪ್ಪ ಗೋಲ್ ತಿನ್ಬೇಕಾ?"

ಇಬ್ಬರೂ ನನ್ನತ್ತ ನೋಡಿದರು. ರುದ್ರೇಶನ ಉಪಾಯ ಎಷ್ಟು ಚೆನ್ನಾಗಿತ್ತೆಂದರೆ, ಅದು ನನಗೆ ಅವನಿಗಿಂತ ಮುಂಚೆಯೇ ಹೊಳೆದಿತ್ತು. ಪದಕ್ಕೆ ಪದ ನಿಜ, ನಿಘಂಟು ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಆದರೆ ಅಣಕಿಗನಿಗೆ ಗೊತ್ತಿಲ್ಲದ ಗುಟ್ಟೇ ಇದು? ಮಾತಿನ ಅರ್ಥ ಪದದಲ್ಲಿರುವುದಿಲ್ಲ, ದನಿಯಲ್ಲಿರುತ್ತದೆ. ತುಮಕೂರಿನ ಆ ಹುಡುಗರೂ ನಾನು ಹೇಳಿದ್ದ "ಬಂದ್ಬುಟ್ಟೆ"ಯನ್ನೇ, ಒಂದಕ್ಷರ ಬದಲಿಸದೆ, ನನಗೆ ತಿರುಗಿ ಹೇಳಿದ್ದರು. ಅವರ ಕೈಯಿಂದ ನಾನು ಪಾಠ ಕಲಿತೆನೆಂದುಕೊಂಡಿದ್ದೆ. ಕಲಿತದ್ದು ನಗುವನ್ನು ಇನ್ನೊಂದು ಮೆಟ್ಟಿಲು ಕೆಳಗೆ ದಾಟಿಸುವ ವಿದ್ಯೆ. ಕೆಳಮನೆಯವನಿಗೆ ತನಗಿಂತ ಕೆಳಗೊಂದು ನೆಲಮಾಳಿಗೆ ಇದೆ ಎಂದು ಗೊತ್ತಾದಾಗ ಆಗುವ ಸಂತೋಷದಷ್ಟು ಹೀನವಾದ ಸಂತೋಷ ಇನ್ನೊಂದಿಲ್ಲ. ನಾನದನ್ನು ಏಳು ಸಲ ರಾಗವಾಗಿ ಹಾಡಿದ್ದೆ.

ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅದು ಬಸ್ಸು ತುಂಬುವವರ ಕೂಗು, ನಿಮ್ಮ ಅಣ್ಣ ಗೋಲು ಬಿಟ್ಟಾಗಲೆಲ್ಲ ಹಾಗೆ ಕೂಗಿ ನಾವು ನಕ್ಕೆವು, ಕ್ಷಮಿಸಿ ಎಂದೆ. ಕಳಿಸಿದ ಮೇಲೆ ನಿಜಕ್ಕೂ ಎದೆ ಹಗುರಾಯಿತು. ಸತ್ಯ ಹೇಳಿದವನ ಠೀವಿಯಲ್ಲಿ ಒಂದು ಟೀ ಕೂಡ ಕುಡಿದೆ.

ಉತ್ತರ ಸಂಜೆ ಬಂತು. "ಇದನ್ನು ನಾನು ಅಣ್ಣನಿಗೆ ಹೇಳುವುದಿಲ್ಲ. ಪಂದ್ಯ ಮುಗಿಯುವವರೆಗೆ ನೀವೂ ಹೇಳಬೇಡಿ. ನೀವು ನಿಮ್ಮ ಭಾರ ಇಳಿಸಿದ್ದೀರಿ. ಈಗ ಅದು ನನ್ನ ಬಳಿ ಇದೆ. ಪಕ್ಕದ ಕೋಣೆಯಲ್ಲಿ ಅಮ್ಮ ಅದನ್ನು ಹಾಡಿಕೊಂಡು ರೊಟ್ಟಿ ಬೇಯಿಸುತ್ತಿದ್ದಾಳೆ." ಈ ಸಲ ಯಂತ್ರ ಒಂದು ತಪ್ಪೂ ಮಾಡಿರಲಿಲ್ಲ.

ಕೊನೆಯ ಪಂದ್ಯಕ್ಕೆ ರುದ್ರೇಶನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಟಗಾರರು ಮೈದಾನದ ನಡುವೆ ದುಂಡಗೆ ನಿಂತು ಕೂಗಿದರು. ಇಲ್ಲಿಂದ ನಮ್ಮವರೂ ಒಕ್ಕೊರಲಿನಿಂದ ಕೂಗಿ ಚಪ್ಪಾಳೆ ತಟ್ಟಿದರು. ಆ ಕೂಗಿಗೆ ನಗಲಾರದವರು ಇಡೀ ಖಂಡದಲ್ಲಿ ಇಬ್ಬರೇ ಎಂದು ನನಗೆ ಅನ್ನಿಸಿತು: ಎಲ್ಲೋ ಬೆಟ್ಟದ ಮಗ್ಗುಲಿನ ಒಂದು ಮನೆಯಲ್ಲಿ ತಾಯಿಯ ಪಕ್ಕ ಫೋನು ಹಿಡಿದು ಕೂತ ಆ ಹುಡುಗಿ, ಮತ್ತೆ ನಾನು. ನನ್ನ ದನಿಯಲ್ಲೇ ವಿವರಣೆ ಕೊಡಲು ಹೊರಟೆ. ಚೆಂಡು ಎಡಕ್ಕೆ ಬಂತು, ತೆಮಿರ್ ಹಿಡಿದ, ಒಳ್ಳೆಯ ಹಿಡಿತ.

"ಏನ್ಲಾ ಇದು, ಸಾವಿನ್ ಸುದ್ದಿ ಓದ್ದಂಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಸಾಲ ವಸೂಲಿಗೆ ಬಂದವರಂತೆ ಮುಂದೆಯೇ ಕೂತಿದ್ದ ಪಾವಗಡದ ಹಿರಿಯರೊಬ್ಬರು ನನ್ನ ಗಂಟಲನ್ನೇ ದಿಟ್ಟಿಸಿ, "ಏಮಪ್ಪಾ, ಗೊಂತು ಕಟ್ಕಂಡೈತಾ? ಒಂದ್ಸಲ ಸೀಟೈತೆ ಅನ್ನು, ಅದ್ಕೇ ವಚ್ಚಿರೋದು ನಾನು" ಎಂದರು. ನಾನು ಅನ್ನಲಿಲ್ಲ. ಅರ್ಧ ಜನ ಎದ್ದುಹೋದರು. ಉಳಿದವರಿಗೆ ತಾವು ಯಾಕೆ ಉಳಿದೆವೆಂದು ತಿಳಿಯಲಿಲ್ಲ.

ತೆಮಿರ್ ಒಂದೂ ಗೋಲು ಬಿಡಲಿಲ್ಲ. ಅವನ ತಂಡದವರೂ ಹೊಡೆಯಲಿಲ್ಲ. ಸೊನ್ನೆ ಸೊನ್ನೆ. ಮುಂದಿನ ಸುತ್ತಿಗೆ ಹೋಗುವುದಂತೂ ಇರಲಿಲ್ಲ, ಆದರೂ ಅವರ ಹುಡುಗರು ಕಪ್ ಗೆದ್ದವರಂತೆ ಅವನನ್ನು ಎತ್ತಿಕೊಂಡರು. ಅವನು ಕ್ಯಾಮೆರಾದ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. "ಲೇ, ನಿಂಗೇ ಕಣ್ಲಾ!" ಎಂದು ರುದ್ರೇಶ ನನ್ನ ಬೆನ್ನಿಗೆ ಗುದ್ದಿದ. ಸಾದಿಕ್ ನನ್ನ ಕಡೆ ನೋಡಲಿಲ್ಲ.

ಫೋನು ಮಿಣುಕಿತು. "ಪಂದ್ಯ ಮುಗಿಯಿತು. ಅವನಿಗೆ ಹೇಳುವವರು ನಾನೋ, ನೀವೋ?"

ನಂಬರ್ ಕಳಿಸಿ ಎಂದು ಬರೆದೆ. ಅದು ಬರಲು ಹಿಡಿದ ಅರ್ಧ ಗಂಟೆಯಲ್ಲಿ, ಬರದಿದ್ದರೆ ಸಾಕು ಎಂದು ಎಷ್ಟು ಸಲ ಬೇಡಿಕೊಂಡೆನೆಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ. ಬಂತು. ಅಂಗಡಿಯ ಹೊರಗೆ, ಬಸ್‌ಸ್ಟ್ಯಾಂಡಿನ ಗದ್ದಲ ಕೇಳದ ಕಡೆ ಹೋಗಿ ನಿಂತು ಒತ್ತಿದೆ. ನನ್ನ ಹರಕು ಇಂಗ್ಲಿಷನ್ನು ನಾಲಿಗೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದಾಗಲೇ ಅವನು ಎತ್ತಿದ. ಹಿಂದೆ ನೀರು ಸುರಿಯುವ ಸದ್ದು, ಹುಡುಗರ ಕೇಕೆ. "ಹಲೋ" ಅಂದ.

ಇಷ್ಟು ದಿನ ಅವನ ಬಾಯಿಗೆ ನನ್ನ ಮಾತು ತುರುಕಿದವನು ನಾನು, ಅವನ ದನಿಯನ್ನು ಬಿಡಿಯಾಗಿ ಕೇಳಿದ್ದು ಅದೇ ಮೊದಲು. ತೆಳುವಾಗಿತ್ತು, ಕೊನೆಯಲ್ಲಿ ತುಸು ಸೀಳಿತ್ತು, ಪ್ರಶ್ನೆ ಕೇಳುವ ಹಾಗೆ ಮೇಲಕ್ಕೆ ಹೋಗಿ ನಿಂತಿತ್ತು. ಅಣಕಿಸುವುದಕ್ಕೆ ಬಹಳ ಸುಲಭವಾದ ದನಿ.

ನನ್ನ ದನಿಯಲ್ಲೇ ನನ್ನ ಹೆಸರು ಹೇಳಿ, ಆ ಏಳು ಗೋಲಿನ ನಗುವಿನಿಂದ ಶುರುಮಾಡಿದೆ.