ನಲವತ್ತೈದು ಡಿಗ್ರಿ ತಿರುಗಿದ ರಂಗೋಲಿ

ಬೆಳಗಿನ ಆರು ಗಂಟೆ. ತಿಗನಾರೆಯ ಕೂಲಿಕಾರರ ಬೀದಿಯಲ್ಲಿ ರೇವತಿ ಬಗ್ಗಿ ರಂಗೋಲಿ ಇಡುತ್ತಿದ್ದಾರೆ. ನಡುವೆ ನಿಕ್ಕಲ್‌ಗೆ ಒಂದು ಚುಕ್ಕಿ, ಸುತ್ತ ಆಕ್ಸಿಜನ್‌ಗೆ ನಾಲ್ಕು. ಆಮೇಲೆ ನಾಲ್ಕು ಎಸಳು. ಎಸಳಿನ ತುದಿ ನೇರ ಆಕ್ಸಿಜನ್ ಚುಕ್ಕಿಗೆ ತಾಗಿದ್ದೇ ತಡ, ಕೈ ನಿಂತುಬಿಡುತ್ತದೆ. "ಅಯ್ಯೋ, ಕೆಟ್ಟೆ ಕಣಕ್ಕಾ!" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನ ಕಡೆ ತಿರುಗುತ್ತಾರೆ.

ಇದು ಅಂಗಳದ ಅಲಂಕಾರವಲ್ಲ, ರೇವತಿಯ ಕಸುಬು. ಲೋಹದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳಿಗೆ ಯಾವ ಶಕ್ತಿಯಲ್ಲಿ ಎಷ್ಟು ಜಾಗವಿದೆ ಎಂದು ತೋರಿಸುವ ನಕ್ಷೆಗಳನ್ನು ಘಟ್ಟದ ಕೆಳಗಿನ ಒಂದು ಪ್ರಯೋಗಾಲಯ ಕಳಿಸುತ್ತದೆ. ಅವುಗಳ ಗೆರೆಯ ಒಂದೊಂದು ಏರೂ ಯಾವ ಡಿ-ಕಕ್ಷಕದ್ದು, ಅಂದರೆ ಎಸಳಿನಾಕಾರದ ಯಾವ ಎಲೆಕ್ಟ್ರಾನ್ ನೆಲೆಯದ್ದು ಎಂದು ಇವರು ಓದಿ ಹೇಳಬೇಕು. ದಿನಕ್ಕೆ ಹತ್ತು ಹನ್ನೆರಡು ನಕ್ಷೆ. ಕೂಲಿ ಮಾಡಿ ಎಂಎಸ್ಸಿ ಓದಿಸಿದ ತಾಯಿ ಬೊಮ್ಮಮ್ಮನಿಗೆ ಮಗಳ ಕೆಲಸ ಏನೆಂದು ಇವತ್ತಿಗೂ ಗೊತ್ತಿಲ್ಲ. ಪ್ರಯೋಗಾಲಯದ ಪ್ರಬಂಧಗಳಲ್ಲೂ ರೇವತಿಯ ಹೆಸರಿರುವುದಿಲ್ಲ.

"ಆಕ್ಸಿಜನ್ ಕಡೀಕೆ ಎಸ್ಳು ಚಾಚಿದ್ ಕಕ್ಷಕ ಶಕ್ತೀಲಿ ಮೇಲೇರ್ತದ, ಆಕ್ಸಿಜನ್‌ಗೋಳ್ ಸಂದಿಗೆ ಚಾಚಿದ್ದು ಕೆಳ್ಗೇ ಉಳೀತದ. ಇಷ್ಟೇಯ," ಎನ್ನುತ್ತಾರೆ ರೇವತಿ. ಕಂಪ್ಯೂಟರ್ ಕೊಟ್ಟ ಹೆಸರನ್ನು ನಂಬದೆ, ರಂಗೋಲಿ ಇಟ್ಟು ನೋಡಿಯೇ ಉತ್ತರ ಬರೆಯುವುದು ಇವರ ಪದ್ಧತಿ.

ನಿನ್ನೆ ಮಾತ್ರ ಇಡಲಿಲ್ಲ. ಬೊಮ್ಮಮ್ಮ ಕಾವಲಿದ್ದ ಜೋಳದ ಹೊಲಕ್ಕೆ ಸಂಜೆ ಆನೆ ನುಗ್ಗಿತು. ಸಿಗ್ನಲ್ ಸಿಗುವ ಕೆರೆ ಏರಿಯ ಮೇಲೆ ನಿಂತಿದ್ದ ರೇವತಿ, ಕಂಪ್ಯೂಟರ್ ಕೊಟ್ಟ ಹೆಸರನ್ನೇ ನಂಬಿ, ಸಂದಿಯ ಕಕ್ಷಕವೇ ಮೇಲೇರಿದೆ ಎಂದು ಗಾಬರಿಯಲ್ಲಿ ಬರೆದು ಕಳಿಸಿ ಹೊಲಕ್ಕೆ ಓಡಿದರು. ಏರಿ ಇಳಿಯುವ ಮುನ್ನವೇ ಉತ್ತರ ಬಂತು: ಪ್ರಯೋಗಾಲಯದ ದಯಾನಂದ್‌ಗೆ ಅದು ಹೊಸ ಶೋಧವಾಗಿ ಕಂಡಿದೆ. ಇಂದು ಒಂಬತ್ತಕ್ಕೆ ಸಭೆಯಲ್ಲಿ ಮಂಡಿಸುತ್ತಾರೆ. ಆದರೆ ಬೆಳಗಿನ ರಂಗೋಲಿಯಲ್ಲಿ ತಪ್ಪು ತಿಳಿಯಿತು: ಪ್ರಯೋಗಾಲಯದವರು ಕಂಪ್ಯೂಟರಿನಲ್ಲಿ ಆ ನಿಕ್ಕಲ್-ಆಕ್ಸಿಜನ್ ಹರಳನ್ನು ನಲವತ್ತೈದು ಡಿಗ್ರಿ ತಿರುಗಿಸಿ ಕೂರಿಸಿದ್ದರು. ಹೆಸರು ಸಂದಿಯದ್ದು, ಎಸಳು ಚಾಚಿದ್ದು ಆಕ್ಸಿಜನ್ ಕಡೆಗೇ.

ಫೋನ್ ಮಾಡಲು ರೇವತಿ ಕೆರೆ ಏರಿಗೆ ಹೊರಟರೆ ಬೊಮ್ಮಮ್ಮ ಕೈ ಹಿಡಿಯುತ್ತಾರೆ. "ಓಗ್ಬ್ಯಾಡ ಕಣವ್ವ, ಆನೆ ಇನ್ನೂ ಕೆರೆ ತವೇ ಅದ."

ಏಳಾಯಿತು, ಎಂಟಾಯಿತು. ರೇವತಿ ಫೋನನ್ನೇ ನೋಡುತ್ತಾರೆ, ಒಳಗೂ ಹೊರಗೂ ಓಡಾಡುತ್ತಾರೆ. ಎಂಟೂವರೆಗೆ ಪಟಾಕಿ ಸದ್ದು. ಆನೆ ಕಾಡಿಗೆ ಹೋಯಿತೆಂದು ಯಾರೋ ಕೂಗುತ್ತಾರೆ. ರೇವತಿ ಕೆರೆ ಏರಿಗೆ ಓಡುತ್ತಾರೆ, ಹಿಂದೆ ನಾನು.

"ಸಾರ್, ತಪ್ಪು ನಂದು. ಅದ್ರಲ್ಲಿ ಹೊಸ್ದೇನೂ ಇಲ್ಲ ಸಾರ್."

"ಸರಿ, ಅದನ್ನ ತೆಗೆದುಬಿಡ್ತೀನಿ" ಎಂದು ದಯಾನಂದ್ ಫೋನ್ ಇಡುತ್ತಾರೆ. ಮುಂದಿನ ನಕ್ಷೆ ಬರುತ್ತದೋ ಇಲ್ಲವೋ, ಹೇಳುವುದಿಲ್ಲ.

ಹೆಸರೇ ಇಲ್ಲದ ಕೆಲಸಕ್ಕೆ ಇಷ್ಟೊಂದು ಭಯವೇ ಎಂದು ಕೇಳುತ್ತೇನೆ. ರೇವತಿ ಆಗಲೇ ಮನೆಯ ಕಡೆ ಹೆಜ್ಜೆ ಹಾಕಿದ್ದಾರೆ.

"ಎಸ್ರಿಲ್ದೆ ಇದ್ರೇನಕ್ಕ, ಬರ್ದೋಳು ನಾನೇ ಅಲ್ವಾ? ಕಳ್ಸುದ್ರೆ ಕಳುಸ್ಲಿ, ಬುಟ್ರೆ ಬುಡ್ಲಿ. ಆ ರಂಗೋಲಿ ಮಾತ್ರ ಯಾರೂ ತುಳೀಬ್ಯಾಡಿ. ಇನ್ನೊಂದ್ಸಲ ನೋಡ್ಬೇಕು."