ಬಾಡಿಗೆಗಿದೆ, ಒಬ್ಬರಿಗೆ ಮಾತ್ರ

ಲಿಂಕಮ್ಮ ಎಂಬ ಹೆಸರನ್ನು ಅವಳಿಗೆ ಇಟ್ಟವಳು ಅವಳ ಸ್ವಂತ ತಂಗಿ. ನೆಂಟರಲ್ಲಿ ಯಾರಾದರೂ ಸೊಂಟ ನೋವು ಎಂದು ನರಳಿದರೆ ಬೇರೆಯವರು "ಅಯ್ಯೋ ಪಾಪ" ಎಂದು ಕಳಿಸುತ್ತಿದ್ದರು, ಇವಳು ಲಿಂಕು ಕಳಿಸುತ್ತಿದ್ದಳು. ಅದನ್ನು ಒತ್ತಿ ಯಾರಾದರೂ ಸೊಂಟದ ಪಟ್ಟಿ ಕೊಂಡರೆ ಇವಳಿಗೆ ಕಮಿಷನ್ನು. ಸೋದರಮಾವ ತೀರಿಕೊಂಡಾಗಲೂ ಅತ್ತೆಗೆ ಒಂದು ಲಿಂಕು ಹೋಗಿತ್ತು, ಒಳ್ಳೆಯ ನಿದ್ದೆ ಬರಿಸುವ ದಿಂಬಿನದು. ಅತ್ತೆ ಅಂದಿನಿಂದ ಮಾತು ಬಿಟ್ಟರು, ಆದರೆ ದಿಂಬು ಕೊಂಡರು. ಹಾಗಾಗಿ ಲಿಂಕಮ್ಮನ ಲೆಕ್ಕದಲ್ಲಿ ಸಂಬಂಧ ಪೂರ್ತಿ ಕಡಿದಿರಲಿಲ್ಲ.

ಅವಳ ಕೆಲಸವೆಲ್ಲ ಮನೆಯಿಂದಲೇ. ಮಲಗುವ ಕೋಣೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಒಂದು ಮೇಜು, ಅದರ ಮೇಲೆ ಲ್ಯಾಪ್‌ಟಾಪು, ಹಿಂದಿನ ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟ ಬಿಳಿ ಬೆಡ್‌ಶೀಟು, ಎದುರಿಗೆ ಬಳೆಯಾಕಾರದ ದೀಪ. ಆ ಬೆಡ್‌ಶೀಟಿನ ಮುಂದೆ ಕೂತು ತರಕಾರಿ ಹೆಚ್ಚುವ ಯಂತ್ರವನ್ನೋ ಹಿಮ್ಮಡಿ ಉಜ್ಜುವ ಕಲ್ಲನ್ನೋ ಹೊಗಳಿ ವಿಡಿಯೋ ಮಾಡುವುದು, ಕೆಳಗೆ ಲಿಂಕು ಅಂಟಿಸುವುದು, ಆಮೇಲೆ ಯಾರು ಎಲ್ಲಿ ಒತ್ತಿದರು ಎಂದು ದಿನವಿಡೀ ನೋಡುತ್ತ ಕೂರುವುದು. ಮಗಳು ಓದಲು ಹಾಸ್ಟೆಲ್ ಸೇರಿದ ಮೇಲೆ ಮನೆಯ ಹಿಂಬದಿಯ ಅವಳ ಕೋಣೆಯೂ ಸ್ಯಾಂಪಲ್ಲಿನ ರಟ್ಟಿನ ಪೆಟ್ಟಿಗೆಗಳ ಪಾಲಾಯಿತು. ಆ ಮನೆಯಲ್ಲಿ ಕುಕ್ಕರ್ ಕೂಗಿದರೆ ಅದು ಕಂಟೆಂಟು, ಗಂಡ ಕೂಗಿದರೆ ಡಿಸ್ಟರ್ಬು. ಜಾಹೀರಾತು ಎಂಬ ಪದದ ಹೊಟ್ಟೆಯಲ್ಲಿ ಅವಳಿಗೆ ಕಾಣುತ್ತಿದ್ದದ್ದು 'ಹೀರಾ', ಅಂದರೆ ವಜ್ರ. ಗಂಡನಿಗೆ ಮಾತ್ರ ಅದು 'ಹೀರು' ಎಂದೇ ಕೇಳಿಸುತ್ತಿತ್ತು.

ಗಂಡ ಊರಿನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ಬಸ್ಸಿನವರ ಬಾಯಲ್ಲಿ ಅವರು ಚೆಕಿಂಗ್ ಸಾಹೇಬರು, ಮನೆಯಲ್ಲೂ ಅದೇ ಹೆಸರು ಅಂಟಿಕೊಂಡಿತ್ತು. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುವ ರೀತಿಯೇ ಬೇರೆ ಎಂದು ಅವರು ಹೇಳುತ್ತಿದ್ದರು. ಅಂದರೆ ಇಬ್ಬರ ಕಸುಬೂ ಒಂದೇ ಜಾತಿಯದು. ಅವರು ಮುಖ ನೋಡಿ ಅನುಮಾನಿಸುತ್ತಿದ್ದರು, ಇವಳು ಕ್ಲಿಕ್ಕು ನೋಡಿ.

ಒಂದು ಬೆಳಿಗ್ಗೆ ಲಿಂಕಮ್ಮ ಎಂದಿನಂತೆ ಲ್ಯಾಪ್‌ಟಾಪು ತೆರೆದಾಗ ಪುಟದ ಪಕ್ಕದಲ್ಲಿ ಒಂದು ಜಾಹೀರಾತು ಕೂತಿತ್ತು: "ಒಬ್ಬರೇ ಇರುವವರಿಗೆ ಅಚ್ಚುಕಟ್ಟಾದ ಬಾಡಿಗೆ ಕೋಣೆ." ಅವಳು ಲಕ್ಷ್ಯ ಕೊಡಲಿಲ್ಲ. ಮಧ್ಯಾಹ್ನ ಮಡಚುವ ಮಂಚ ಬಂತು, ಒಬ್ಬರು ಮಲಗುವಂಥದ್ದು. ಮಾರನೆಯ ದಿನ ಪುಟ್ಟ ಕುಕ್ಕರ್, ಒಬ್ಬರಿಗೆ ಬೇಯಿಸುವಂಥದ್ದು. ಲಿಂಕಮ್ಮ ಮೌಸು ಬಿಟ್ಟು ಪರದೆಯ ಹತ್ತಿರ ಬಾಗಿದಳು. ಜಾಹೀರಾತು ತಾನಾಗಿ ಬರುವುದಿಲ್ಲ, ಯಾರೋ ಹುಡುಕಿದ್ದರ ಬೆನ್ನು ಹತ್ತಿ ಬರುತ್ತದೆ. ಒಂದೇ ಮನೆಯ ವೈಫೈಯಲ್ಲಿ ಒಬ್ಬರು ಹುಡುಕಿದರೆ ಇನ್ನೊಬ್ಬರ ಪರದೆಗೂ ಅದರ ವಾಸನೆ ಬಡಿಯುತ್ತದೆ. ಇದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಕೋಣೆ ಹುಡುಕಿದವಳು ತಾನಲ್ಲ, ಮಗಳು ಇಲ್ಲಿಲ್ಲ. ಉಳಿದ ಫೋನು ಒಂದೇ.

ತಂಗಿಗೆ ಫೋನು ಹೋಯಿತು. ತಂಗಿಯದು ಬ್ಯೂಟಿ ಪಾರ್ಲರ್. ಯಾರದೋ ಹುಬ್ಬು ತಿದ್ದುತ್ತಲೇ ಮಾತಾಡಿದಳು.

"ಭಾವ ಈಚೆಗೆ ಏನಾದ್ರೂ ಬದಲಾಗಿದಾರಾ ಅಕ್ಕ?"

"ಲೇಟಾಗಿ ಬರ್ತಾರೆ. ಕೇಳಿದ್ರೆ ಬಸ್ ಕೆಟ್ಟಿತ್ತು ಅಂತಾರೆ. ಫೋನ್ ಮಕಾಡೆ ಇಡ್ತಾರೆ. ಆಮೇಲೆ ಒಂದು ಟೋಪಿ ತಗೊಂಡಿದಾರೆ ಕಣೆ. ಬಿಸಿಲಿಲ್ಲದಿದ್ರೂ ಹಾಕ್ಕೊಂಡೇ ಹೋಗ್ತಾರೆ."

"ಅವರು ಹಾಕ್ಕೊಳ್ತಿರೋದು ಅಂತ ನೀನು ತಿಳ್ಕೊಂಡಿದೀಯ. ಹಾಕ್ತಿರೋದು ನಿನಗೆ!"

"ತಮಾಷೆ ಮಾಡ್ಬೇಡ್ವೇ, ಹೊಟ್ಟೆ ಉರೀತಿದೆ ನನಗೆ."

"ಬೋಳು ಮುಚ್ಕೊಳ್ತಿದಾರೆ ಅಂದ್ರೆ ಅದನ್ನ ನೋಡಬಾರದವಳು ಯಾರೋ ಇದಾಳೆ ಅಂತ ತಾನೇ? ಹುಷಾರು ಅಕ್ಕಾ. ಅಯ್ಯೋ, ಮೇಡಂ, ಸಾರಿ, ಹುಬ್ಬು ಸ್ವಲ್ಪ ಜಾಸ್ತಿ ಹೋಯ್ತು."

ಆ ದಿನದಿಂದ ಲಿಂಕಮ್ಮನಿಗೆ ಮನೆಯ ಪ್ರತಿಯೊಂದು ಸದ್ದೂ ಸಾಕ್ಷಿಯಾಯಿತು. ಸಾಹೇಬರು ಬಚ್ಚಲಲ್ಲಿ ಗುನುಗಿದರೆ ಯಾಕೆ ಖುಷಿ, ಗುನುಗದಿದ್ದರೆ ಯಾಕೆ ಬೇಜಾರು. ಊಟಕ್ಕೆ ಕೂತಾಗ ಮೊದಲು ಬಸ್ಸಿನ ಕಥೆ ಹೇಳುತ್ತಿದ್ದವರು ಈಗ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಅವಳು ಅವರ ಅಂಗಿಯ ಜೇಬು ತಡವಿದಳು, ಬರೀ ಹಳೆಯ ಟಿಕೆಟು. ಫೋನು ತೆರೆಯಲು ನೋಡಿದಳು, ಬೆರಳಚ್ಚು ಕೇಳಿತು. ಮಲಗಿದವರ ಬೆರಳು ಹಿಡಿದು ಒತ್ತಿಸಿದರೇನು ಎಂದೂ ಯೋಚಿಸಿದಳು, ಅಷ್ಟಕ್ಕೆ ಮನಸ್ಸು ಬರಲಿಲ್ಲ. ನೇರವಾಗಿ ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಅಂತರ್ಜಾಲದವಳಿಗೆ ಜಾಲ ಬೀಸುವುದು ಗೊತ್ತೇ ಹೊರತು ಬಾಯಿಬಿಟ್ಟು ಕೇಳುವುದು ಗೊತ್ತಿಲ್ಲ.

ಅವಳು ಬಲೆ ನೇಯ್ದಳು. ಇಲ್ಲದ ಒಂದು ಕೋಣೆಗೆ ಇರುವಂಥ ಒಂದು ಪುಟ ಮಾಡಿದಳು. "ಬಾಡಿಗೆಗಿದೆ, ಒಬ್ಬರಿಗೆ ಮಾತ್ರ. ಕಿಟಕಿಯ ಆಚೆ ಒಂದು ಮರ. ಯಾರೂ ಬಾಗಿಲು ತಟ್ಟುವುದಿಲ್ಲ." ಕೆಳಗೆ, ವಿಚಾರಿಸಲು ಇಲ್ಲಿ ಒತ್ತಿ. ಆ ಜಾಹೀರಾತನ್ನು ತಮ್ಮ ಬಡಾವಣೆಯ, ನಡುವಯಸ್ಸು ದಾಟಿದ, ಬಾಡಿಗೆ ಕೋಣೆ ಹುಡುಕಿದ ಗಂಡಸರಿಗೆ ಮಾತ್ರ ಕಾಣುವಂತೆ ಬಿಟ್ಟಳು. ಅಷ್ಟು ಸಣ್ಣ ಕಣ್ಣಿನ ಬಲೆಗೆ ಬೀಳುವವರು ಒಬ್ಬರೇ ಎಂದು ಅವಳ ಎಣಿಕೆ.

ಬಿದ್ದವರ ಗುಂಪು ನೋಡಿ ಲಿಂಕಮ್ಮ ದಂಗಾದಳು. ಔಷಧಿ ಅಂಗಡಿಯವರು ವಿಚಾರಿಸಿದ್ದರು. ಮಹಡಿ ಮನೆಯ ನಿವೃತ್ತ ಮೇಷ್ಟ್ರು ಎರಡು ಸಲ ವಿಚಾರಿಸಿದ್ದರು, ಎರಡನೆಯ ಸಲ "ನಮ್ಮ ಮನೆಯವಳಿಗೆ ತಿಳಿಯದಂತೆ" ಎಂದು ಸೇರಿಸಿ. ಬಡಾವಣೆಯ ಅರ್ಧ ಗಂಡಸರಿಗೆ ಬಾಗಿಲು ತಟ್ಟದ ಕೋಣೆ ಬೇಕಿತ್ತು. ಅವಳು ಮಾರಿದ ಯಾವ ವಸ್ತುವಿಗೂ ಇಷ್ಟು ಗಿರಾಕಿಗಳು ಬಂದಿರಲಿಲ್ಲ. ಎರಡು ನಿಮಿಷ ಅವಳ ಒಳಗಿನ ವ್ಯಾಪಾರಿ ಒಳಗಿನ ಹೆಂಡತಿಯನ್ನು ಪಕ್ಕಕ್ಕೆ ತಳ್ಳಿ ಕುಣಿದಳು.

ಸಂಜೆ ಇನ್ನೊಬ್ಬರು ಬಂದರು. ಹೆಸರಿನ ಜಾಗದಲ್ಲಿ 'ಪ್ರಯಾಣಿಕ' ಎಂದು ಬರೆದಿತ್ತು. ಸಾಹೇಬರು ಆಗ ತಾನೇ ಮನೆಗೆ ಬಂದು ಹಾಲಿನಲ್ಲಿ ಕೂತಿದ್ದರು. ಇವಳು ಕೋಣೆಯ ಬಾಗಿಲು ಮುಂದೆ ಮಾಡಿ ಉತ್ತರ ಬರೆದು ಕಳಿಸಿದಳು, ಹಾಲಿನಲ್ಲಿ ಫೋನು ಕಿಣಿ ಎಂದಿತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

"ಕೋಣೆ ಖಾಲಿ ಇದೆ. ಎಷ್ಟು ಜನ?" ಎಂದು ಮನೆಯೊಡತಿಯಂತೆ ಬರೆದಳು.

"ಒಬ್ಬನೇ."

"ಮನೆಯವರು ಇಲ್ವಾ?"

"ಇದ್ದಾರೆ. ತುಂಬಾ ಇದ್ದಾರೆ."

ತುಂಬಾ ಅಂದರೇನು ಎಂದು ಲಿಂಕಮ್ಮ ಪರದೆಯನ್ನೇ ನೋಡಿದಳು. ಮನೆಯಲ್ಲಿ ಇರುವುದು ಅವಳೊಬ್ಬಳೇ. ಬೆರಳು ಮಾತ್ರ ಓಡುತ್ತಿತ್ತು.

"ಪರ್ಮನೆಂಟಾಗಿ ಇರ್ತೀರಾ?"

"ಇಲ್ಲ. ಸಂಜೆ ಒಂದು ಹೊತ್ತು ಮಾತ್ರ. ಮಲಗೋಕೆ ಮನೆಗೆ ಹೋಗ್ಬೇಕು."

ಹೊತ್ತಿನ ಲೆಕ್ಕ! ಇದು ಇನ್ನೂ ಕೆಟ್ಟದ್ದು ಎಂದುಕೊಂಡಳು. "ಆ ಹೊತ್ತಲ್ಲಿ ಜೊತೆಗೆ ಯಾರಾದ್ರೂ ಬರ್ತಾರಾ?" ಎಂದು ಬರೆದು ಕಣ್ಣು ಮುಚ್ಚಿಕೊಂಡಳು.

ಲ್ಯಾಪ್‌ಟಾಪು ಟಿಣ್ ಎಂದಿತು. "ಬಂದ್ರೆ ಕೋಣೆ ಯಾಕೆ? ವೈಫೈ ಇದೆಯಾ ಅಲ್ಲಿ?"

"ಇದೆ, ಫುಲ್ ಸ್ಪೀಡು."

"ಹಾಗಾದ್ರೆ ಬೇಡ."

ಕೈಗೆ ಸಿಕ್ಕ ಗಿರಾಕಿ ಜಾರುವಾಗ ಅವಳ ಬೆರಳಿಗೆ ಅಭ್ಯಾಸವಾದದ್ದೊಂದು ಇತ್ತು, ಅದು ತಾನಾಗಿಯೇ ಬಂತು: "ತೆಗೆಸಿಬಿಡೋಣ! ಬೇಗ ಹೇಳಿ, ತುಂಬಾ ಜನ ನೋಡ್ತಿದಾರೆ, ಈ ಅವಕಾಶ ಇವತ್ತಿಗೆ ಮಾತ್ರ!!"

ಹಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ತೆರೆದುಕೊಂಡಿತು. ಸಾಹೇಬರು ಫೋನು ಹಿಡಿದು ನಿಂತಿದ್ದರು, ಬಸ್ಸಿನ ಹಿಂದಿನ ಸೀಟಿನ ಹತ್ತಿರ ನಿಲ್ಲುವಂತೆಯೇ.

"ನಾನು ಇಲ್ಲಿ ಒತ್ತಿದ್ರೆ ನಿನ್ನ ಲ್ಯಾಪ್‌ಟಾಪು ಟಿಣ್ ಅನ್ನುತ್ತೆ. ಅದು ಟಿಣ್ ಅಂದ್ಮೇಲೆ ನನ್ನ ಫೋನು ಕಿಣಿ ಅನ್ನುತ್ತೆ. ಎರಡು ಸಲ ಆದ್ರೆ ಕಾಕತಾಳೀಯ, ಆರು ಸಲ? ಟಿಕೆಟ್ ತೋರ್ಸಮ್ಮ."

ಲಿಂಕಮ್ಮ ಕಿಟಕಿಯಾಚೆ ನೋಡಿದಳು. ನೋಡಿದ ಮೇಲೆ ತಪ್ಪಾಯಿತು ಎನ್ನಿಸಿ ತಿರುಗಿ ಅವರ ಮೇಲೇ ಹರಿಹಾಯ್ದಳು.

"ಕಳ್ಳತನ ಮಾಡಿದೋರು ನೀವು, ಟಿಕೆಟ್ ನಾನು ತೋರಿಸ್ಬೇಕಾ? ಕೋಣೆ ಹುಡುಕ್ತೀರಿ, ಒಂಟಿ ಮಂಚ ಹುಡುಕ್ತೀರಿ, ಕುಕ್ಕರ್ ಬೇರೆ! ಬಿಟ್ಟು ಹೋಗೋದಾದ್ರೆ ಹೇಳಿ ಹೋಗಿ ರೀ."

"ಕುಕ್ಕರ್? ನನಗೆ ಅನ್ನ ಮಾಡೋಕೇ ಬರಲ್ವಲ್ಲೇ! ಕೋಣೆ ಹುಡುಕಿದ್ದು ಹೌದು. ಮಂಚ, ಕುಕ್ಕರ್ ಎಲ್ಲ ನನ್ನ ಫೋನಿಗೂ ಬಂತು. ನೀನೇ ಕಳಿಸ್ತಿದೀಯ ಅಂದ್ಕೊಂಡೆ."

ಕೋಣೆ ಹುಡುಕಿದವನಿಗೆ ಮಂಚ ತೋರಿಸು, ಮಂಚ ನೋಡಿದವನಿಗೆ ಕುಕ್ಕರ್ ತೋರಿಸು ಎಂಬುದು ಲಿಂಕಮ್ಮನ ಕಸುಬಿನ ಮೊದಲ ಪಾಠ. ಊರಿಗೆಲ್ಲ ಅವಳೇ ಹಾಗೆ ತೋರಿಸುತ್ತಿದ್ದಳು. ತನಗೇ ತೋರಿಸಿದಾಗ ಮಾತ್ರ ನಂಬಿಬಿಟ್ಟಿದ್ದಳು.

"ಮತ್ತೆ ಕೋಣೆ ಯಾಕೆ?" ಎಂದಳು, ದನಿ ಇಳಿದಿತ್ತು.

ಸಾಹೇಬರು ಮಂಚದ ಅಂಚಿಗೆ ಕೂತು ಟೋಪಿ ತೆಗೆದರು. ಬಳೆಯ ದೀಪದ ಬೆಳಕು ಅವರ ಬೋಳು ತಲೆಯ ಮೇಲೆ ಉರುಟಾಗಿ ಬಿತ್ತು.

"ಹೋದ ತಿಂಗಳು ಒಬ್ಬ ಹುಡುಗನ್ನ ಹಿಡಿದೆ. ಟಿಕೆಟ್ ಇರ್ಲಿಲ್ಲ. ದಂಡ ಕಟ್ಟಪ್ಪ ಅಂದೆ. ಅವನು ನನ್ನ ತಲೆ ನೋಡಿದ, ಫೋನ್ ನೋಡಿದ, 'ಸಾರ್, ಆ ಎಣ್ಣೆ ಕೆಲಸ ಮಾಡ್ಲಿಲ್ವಾ' ಅಂದ. ಇಡೀ ಬಸ್ಸಿಗೆ ತೋರಿಸ್ದ. ಡ್ರೈವರ್ ಕೂಡ ಬಸ್ ನಿಲ್ಲಿಸಿ ನಕ್ಕ. ಅವತ್ತಿಂದ ನಾನು ಹತ್ತಿದ್ರೆ ಸಾಕು, 'ಎಣ್ಣೆ ಸಾಹೇಬ್ರು ಬಂದ್ರು'. ಟಿಕೆಟ್ ಇಲ್ಲದೋರೂ ಕಿಟಕಿ ಕಡೆ ನೋಡಲ್ಲ ಈಗ. ನನ್ನ ತಲೆ ನೋಡ್ತಾರೆ."

ಆ ಚಿತ್ರ ಲಿಂಕಮ್ಮನದೇ. ಕೂದಲೆಣ್ಣೆಯ ಜಾಹೀರಾತಿಗೆ ಎರಡು ತಲೆ ಬೇಕಿತ್ತು, 'ಮೊದಲು' ಮತ್ತು 'ನಂತರ'. ಸಾಹೇಬರು ಪೇಪರ್ ಓದುವಾಗ ಹಿಂದಿನಿಂದ ಒಂದು ಮುಂದಿನಿಂದ ಒಂದು ಚಿತ್ರ ಹಿಡಿದು 'ಮೊದಲು' ಮಾಡಿದ್ದಳು. ಅವಳ ದುಡಿಮೆಯಲ್ಲಿ ಅತಿ ಹೆಚ್ಚು ಕ್ಲಿಕ್ಕು ಬೀಳುತ್ತಿದ್ದದ್ದು ಆ ತಲೆಗೇ.

"ಹೇಳಬಾರದಿತ್ತಾ ನನಗೆ?"

"ಹೇಳೋಕೆ ಬಂದಾಗೆಲ್ಲ ನೀನು ಆ ಬೆಡ್‌ಶೀಟ್ ಮುಂದೆ ಇರ್ತೀಯ. ಇಲ್ಲಾ, ದಿಂಬು ಹೇಗಿದೆ, ಸೋಪು ಹೇಗಿದೆ, ಎಷ್ಟು ಸ್ಟಾರ್ ಕೊಡ್ತೀರಿ ಅಂತೀಯ. ಹೊರಗೆ ಜನ ನೋಡ್ತಾರೆ, ಒಳಗೆ ನೀನು ನೋಡ್ತೀಯ. ಯಾರೂ ನೋಡದ ಒಂದು ಜಾಗದಲ್ಲಿ ಒಂದು ಹೊತ್ತು ಸುಮ್ನೆ ಕೂತ್ಕೊಂಡು ಬರೋಣ ಅಂದ್ಕೊಂಡೆ. ಅಷ್ಟೇ ಕಣೆ." ಆಮೇಲೆ ಕೈಯಲ್ಲಿದ್ದ ಟೋಪಿ ತಿರುವುತ್ತ, "ಅದಿರ್ಲಿ. ಆ 'ನಂತರ'ದವನು ಯಾರು?"

"ಕಂಪನಿಯವರು ಕಳಿಸಿದ ತಲೆ ರೀ! ನನಗೇನು ಗೊತ್ತು?"

"ಗುಂಗುರು ಕೂದಲು. ನಗ್ತಾ ಬೇರೆ ಇದಾನೆ."

"ಅಯ್ಯೋ ನಿಮ್ಮ!"

ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳು ಲ್ಯಾಪ್‌ಟಾಪಿನಲ್ಲಿ ಆ ಎಣ್ಣೆಯ ಜಾಹೀರಾತು ತೆರೆದಳು. ಅಳಿಸು ಎಂಬ ಗುಂಡಿಯ ಮೇಲೆ ಬೆರಳಿಟ್ಟು ಅರೆಕ್ಷಣ ತಡೆದಳು. ಹೊಟ್ಟೆಗೆ ಅನ್ನ ಹಾಕುತ್ತಿದ್ದ ತಲೆ ಅದು. ಸಾಹೇಬರು ಅವಳ ಮುಖವನ್ನಲ್ಲ, ಬೆರಳನ್ನು ನೋಡುತ್ತಿದ್ದರು. ಒತ್ತಿದಳು. "ಖಚಿತವೇ?" ಎಂದು ಅದು ಕೇಳಿತು. ಮತ್ತೆ ಒತ್ತಿದಳು.

"ಇನ್ನೆಲ್ಲೆಲ್ಲಿದೆ?" ಎಂದರು ಸಾಹೇಬರು.

"ಇನ್ನೆಲ್ಲೂ ಇಲ್ಲ."

"ನೋಡು."

ಇನ್ನೂ ಮೂರು ಕಡೆ ಇತ್ತು. ಅವನ್ನೂ ತೆಗೆದಳು. ಬಾಡಿಗೆ ಕೋಣೆಯ ಪುಟವನ್ನೂ ಕಿತ್ತು ಹಾಕಿದಳು, ಮೇಷ್ಟ್ರ ಮೂರನೆಯ ವಿಚಾರಣೆಗೆ ಉತ್ತರ ಕೊಡದೆಯೇ.

ಭಾನುವಾರ ಹಿಂದಿನ ಕೋಣೆಯ ಪೆಟ್ಟಿಗೆಗಳೆಲ್ಲ ಮಂಚದ ಕೆಳಗೂ ಬೀರುವಿನ ಮೇಲೂ ಹೋದವು. ಹೋಗಲಾರದವು ಲಿಂಕಮ್ಮನ ಕುರ್ಚಿಯ ಸುತ್ತ ಕೋಟೆ ಕಟ್ಟಿದವು. ಮಗಳ ಕೋಣೆಯಲ್ಲಿ ಒಂದು ಆರಾಮಕುರ್ಚಿ ಮಾತ್ರ ಉಳಿಯಿತು. ಕಿಟಕಿಯಾಚೆ ಮರವಿರಲಿಲ್ಲ, ಪಕ್ಕದ ಮನೆಯ ನೀರಿನ ಟ್ಯಾಂಕಿತ್ತು. ಅವಳು ಜಾಹೀರಾತಿನವಳಾದರೂ ಅದನ್ನು ಮರ ಎನ್ನಲಿಲ್ಲ.

ಸಾಹೇಬರು ಒಳಗೆ ಬಂದು ಸೀಟು ಸೀಟು ನೋಡುವಂತೆ ಕೋಣೆ ನೋಡಿದರು. ಪರದೆ ಸರಿಸಿದರು. ಕಪಾಟಿನ ಮೇಲೆ ಕೈಯಾಡಿಸಿದರು. ಕುರ್ಚಿಯ ದಿಂಬನ್ನು ಮಗುಚಿದರು.

"ಇದು ಸ್ಯಾಂಪಲ್ಲಾ?"

"ಅಲ್ಲ ರೀ, ನಮ್ಮದೇ. ಹಳೇದು."

"ಕ್ಯಾಮೆರಾ ಎಲ್ಲಿಟ್ಟಿದೀಯ?"

"ಎಲ್ಲೂ ಇಟ್ಟಿಲ್ಲ ರೀ!"

"ಫೋನ್ ಎಲ್ಲಿ?"

ಅವಳು ಫೋನು ತೋರಿಸಿದಳು. ಅದು ರೆಕಾರ್ಡ್ ಮಾಡುತ್ತಿಲ್ಲ ಎಂದು ಅವರು ಎರಡೂ ಬದಿ ನೋಡಿ ಖಚಿತ ಮಾಡಿಕೊಂಡರು. ಹಿಂದಿರುಗಿಸಿದರು. ಪೂರ್ತಿ ನಂಬಿದ ಮುಖವೇನೂ ಅದಲ್ಲ. ಆದರೂ ಬಾಗಿಲು ಹಾಕಿಕೊಂಡರು.

ಲಿಂಕಮ್ಮ ಹೊರಗೆ ನಿಂತಳು. ಒಳಗಿನಿಂದ ಸದ್ದಿಲ್ಲ. ಪೇಪರಿನ ಸರಸರವಿಲ್ಲ, ಫೋನಿನ ಕಿಣಿಯಿಲ್ಲ, ಕೆಮ್ಮೂ ಇಲ್ಲ. ಒಬ್ಬ ಗಂಡಸು ಮುಚ್ಚಿದ ಕೋಣೆಯಲ್ಲಿ ಏನನ್ನೂ ಮಾಡದೆ ಇಷ್ಟು ಹೊತ್ತು ಇರುತ್ತಾನೆ ಎಂದರೆ ಯಾರಾದರೂ ನಂಬುವ ಮಾತೇ? ತುದಿಗಾಲಲ್ಲಿ ಹತ್ತಿರ ಸರಿದು ಬಾಗಿಲಿಗೆ ಕಿವಿ ಇಟ್ಟಳು.

"ಯಾರದು ಬಾಗಿಲ ಹತ್ರ?"

"ಯಾರೂ ಇಲ್ಲ ರೀ."

ಒಳಗೆ ಆರಾಮಕುರ್ಚಿ ಕಿರ್ ಎಂದಿತು.

"ಮತ್ತೆ ಆ ಉಸಿರು ಯಾರದು?"

ಲಿಂಕಮ್ಮ ಉಸಿರು ಹಿಡಿದುಕೊಂಡು ಅಡುಗೆಮನೆಯ ಕಡೆಗೆ ಹೊರಟಳು.