ಡಬ್ಬಣ್ಣನ ಅಂಗಡಿಗೆ ಬಂದ ಹಾಡು

ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಪಾಪ್ ತಂಡವೊಂದು ಮತ್ತೆ ಹಾಡು ಬಿಟ್ಟಿತು ಅಂದರೆ ಊರೇ ಕಿವಿ ನಿಮಿರಿಸದೆ ಇರುತ್ತದೆಯೇ? ಡಬ್ಬಣ್ಣ ಮಾತ್ರ ಮೂಗು ಮುರಿದ. ಒಂದು ಕಾಲಕ್ಕೆ ಆ ತಂಡದ ಡ್ರಮ್ ಬಾರಿಸುತ್ತಿದ್ದವನು ಅವನೇ. ಚಿಕ್ಕಂದಿನಲ್ಲಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಬಡಿದು ನೆಗ್ಗಿಸಿ ಆ ಹೆಸರು ಸಂಪಾದಿಸಿದ್ದ. ತಂಡ ಮುರಿದ ಮೇಲೆ ಹೊಟ್ಟೆಪಾಡಿಗೆ, ಕಿವಿ ಕೇಳದವರಿಗೆ ಕಿವಿಯ ಮಿಷನ್ ಕೂರಿಸುವ ಅಂಗಡಿ ಹಾಕಿಕೊಂಡ. ಈಗ ಹಳಬರೆಲ್ಲ ಸೇರಿ ಹಾಡು ಮಾಡಿದ್ದರು. ಇವನಿಗೆ ಒಂದು ಫೋನೂ ಇಲ್ಲ. ಇವನ ಜಾಗದಲ್ಲಿ ಕಂಪ್ಯೂಟರ್ ಟಕಟಕ ಅನ್ನುತ್ತಿತ್ತು.

"ಥೂ, ಹಾಡಾ ಇದು? ನಡುವೆ ಆ ಸೀಟಿ ಬೇರೆ, ಕಿವಿಗೆ ದಬ್ಬಣ ಚುಚ್ಚಿದ ಹಾಗೆ!" ಎಂದು ಹೆಂಡತಿಯ ಮುಂದೆ ದಿನಕ್ಕೆ ಹತ್ತು ಸಲ ಉಗಿದ. ಹತ್ತು ಸಲ ಉಗಿಯಲು ಹತ್ತು ಸಲ ಕೇಳಲೇಬೇಕಲ್ಲ.

"ಅಷ್ಟು ಕೆಟ್ಟದಾಗಿದ್ರೆ, ಕರೆದ್ರೂ ಹೋಗಲ್ಲ ತಾನೇ?" ಎಂದಳು ಹೆಂಡತಿ, ಕೌಂಟರಿನಲ್ಲಿ ಬ್ಯಾಟರಿ ಜೋಡಿಸುತ್ತಾ.

ಡಬ್ಬಣ್ಣ ಉಗಿಯಲೆಂದು ಹಾಡನ್ನು ಇನ್ನೊಮ್ಮೆ ಹಾಕಿದ. ಕರೆದರೆ ಚಪ್ಪಲಿ ಹಾಕಿಕೊಳ್ಳುವಷ್ಟೂ ತಡಮಾಡದೆ ಓಡುತ್ತಿದ್ದ. ಹನ್ನೊಂದು ವರ್ಷ ಕಾದದ್ದು ಅದಕ್ಕೇ.

ಗುರುವಾರ ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ತಂಡದ ಗಾಯಕನೇ ಬಂದ. ಹಿಂದೆ ಹುಡುಗಿಯರು ಅವನ ಕೂದಲು ನೋಡಿ ಸಾಯುತ್ತಿದ್ದರು. ಈಗ ಟೋಪಿ, ಅದರ ಕೆಳಗೆ ಎರಡೆರಡು ಗಲ್ಲ, ಹೊಟ್ಟೆಯ ಮೇಲೆ ಗುಂಡಿ ಕೂಡದ ಮಿರಿಮಿರಿ ಜಾಕೆಟ್ಟು. 'ಕೊನೆಗೂ ಹಳೇ ಗಂಡನ ಪಾದವೇ ಗತಿ ಆಯ್ತು ನೋಡು' ಎಂದು ಡಬ್ಬಣ್ಣ ಒಳಗೊಳಗೇ ಹಿಗ್ಗಿದ.

"ಡಬ್ಬ, ಒಂದು ಸಹಾಯ ಆಗ್ಬೇಕಲ್ಲೋ."

"ಹೇಳಪ್ಪ, ದೊಡ್ಡ ಮನುಷ್ಯ."

"ಕಿವಿ ಸ್ವಲ್ಪ ಮಂದ ಆಗಿದೆ. ಯಾರಿಗೂ ಕಾಣದಂಥ ಚಿಕ್ಕ ಮಿಷನ್ ಒಂದು ಹಾಕ್ಕೊಡು."

ಡಬ್ಬಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗ ಗುಂಡಿ ಒತ್ತಲು ಹೇಳಿದ. ಕೀಚಲು ಶಬ್ದ ಬಂದಾಗಲೆಲ್ಲ ಮಹಾಶಯರು ಬೊಂಬೆಯಂತೆ ಕೂತಿದ್ದರು. ಹಾಡಿನಲ್ಲಿ ಆ ಸೀಟಿ ಯಾಕೆ ಅಷ್ಟು ಕಿರುಚುತ್ತದೆಂದು ಆಗ ತಿಳಿಯಿತು. ಸ್ಟುಡಿಯೋದಲ್ಲಿ ಇವನು ಕೇಳಿಸುತ್ತಿಲ್ಲ, ಕೇಳಿಸುತ್ತಿಲ್ಲ ಎಂದು ಏರಿಸುತ್ತಲೇ ಹೋಗಿದ್ದಾನೆ! ಡಬ್ಬಣ್ಣ ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿ ನಕ್ಕ.

ಮಿಷನ್ ಕೂರಿಸಿ ಹೊಸ ಹಾಡು ಹಾಕಿದ. ಗಾಯಕ ಬೆಚ್ಚಿಬಿದ್ದ.

"ಅಯ್ಯೋ, ಇಷ್ಟು ಕರ್ಕಶವಾಗಿದೆಯಾ?"

"ಮತ್ತೆ? ಈಗ ಇದನ್ನ ಕೇಳು. ಡ್ರಮ್ ಅಂದ್ರೆ ಏನು ಅಂತ ಗೊತ್ತಾಗುತ್ತೆ."

ಸಿಟ್ಟಿಗೆ ಇಷ್ಟು ವರ್ಷ ತಾನೂ ಕೇಳದೆ ಬಿಟ್ಟಿದ್ದ, ತಂಡದ ಕೊನೆಯ ಹಾಡನ್ನು ಜೋರಾಗಿ ಹಾಕಿದ. ಇದನ್ನು ಕೇಳಿದ ಮೇಲೂ ಕರೆಯದೆ ಹೇಗಿರುತ್ತಾನೋ ನೋಡೋಣ!

ಗಾಯಕ ತಲೆ ಬಗ್ಗಿಸಿ ಪೂರ್ತಿ ಕೇಳಿದ.

"ಡಬ್ಬ, ನೀನು ತಾಳದಲ್ಲಿ ಹಿಂದೆ ಬೀಳ್ತಿದ್ದೀಯಲ್ಲೋ."

"ಏನಂದೆ?"

"ತಂಡದವರೆಲ್ಲ ಆಗ್ಲೇ ಹೇಳಿದ್ರು, ಇವನನ್ನ ತೆಗಿ ಅಂತ. ನಾನು ಒಪ್ಪಲಿಲ್ಲ. ಡಬ್ಬ ಇಲ್ಲದೆ ನಾನು ಹಾಡಲ್ಲ ಅಂತ ಜಗಳ ಆಡಿ ಎದ್ದು ಬಂದೆ. ತಂಡ ಒಡೆದದ್ದು ಅದಕ್ಕೇ ಕಣೋ." ಕಿವಿ ಮುಟ್ಟಿಕೊಂಡು ಪೆಚ್ಚಾಗಿ ನಕ್ಕ. "ಆಗ್ಲೇ ನನ್ನ ಕಿವಿ ಹೋಗಿತ್ತು ಅನ್ಸುತ್ತೆ."

ಹಾಡು ತಾನಾಗಿ ಮತ್ತೆ ಮೊದಲಿಂದ ಶುರುವಾಯಿತು. ಡಬ್ಬಣ್ಣನ ಕಿವಿಗೆ ಏನೂ ಆಗಿರಲಿಲ್ಲ. ಎರಡನೇ ಸಾಲು ಮುಗಿಯುವ ಮೊದಲೇ ತನ್ನ ಪೆಟ್ಟು ತಡವಾಗಿ ಬೀಳುವುದು ಅವನಿಗೂ ಕೇಳಿಸಿತು. ಹೆಂಡತಿ ಕೌಂಟರಿನಿಂದ ಎದ್ದು ಬಂದು ಹಾಡನ್ನು ನಿಲ್ಲಿಸಿದಳು.